ಹಕ್ಕಿ ನೋಡುವವರಿಗೊಂದು ದುರ್ಬೀನು

(ಆಕಾಶವಾಣಿಯ ಕೃಪೆಯಿಂದ)

ಹಕ್ಕಿಗಳನ್ನು ನೋಡಬೇಕೆಂದು ಮನಸ್ಸು ಮಾಡಿದ ತರುಣರು ಮೊಟ್ಟಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ದುರ್ಬೀನು ಕೊಳ್ಳಬೇಕು? ಯಾವ ಪುಸ್ತಕ ಓದಬೇಕು, ಎಲ್ಲಿಗೆ ಹೋಗಬೇಕು, ಯಾವ ಹೊತ್ತಿನಲ್ಲಿ ಹೋಗಬೇಕು ಎಂಬುವೆಲ್ಲ ಆಮೇಲಿನ ಪ್ರಶ್ನೆಗಳು. ಇದು ಸಹಜವೇ ಆಗಿದೆ. ಕೂರಿಗೆಯಿಲ್ಲದೆ ಬಿತ್ತನೆಯಿಲ್ಲ, ಉಳಿಯಿಲ್ಲದೆ ಶಿಲ್ಪವಿಲ್ಲ. ಆದರೆ ಈ ಪ್ರಶ್ನೆಗೆ ಅಂಗಡಿಯವರು ಕೊಡುವ ಉತ್ತರ ಒಂದು, ಹಕ್ಕಿಗಳು ಕೊಡುವ ಉತ್ತರ ಮತ್ತೊಂದು. ಇವೆರಡರ ನಡುವಿನ ಅಂತರವೇ ಈ ಹೊತ್ತಿನ ನನ್ನ ಮಾತಿನ ವಿಷಯ. ಹಟ್ಟಿಯಂಥ ಊರಿನಲ್ಲಿ, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಬಯಲಿನಲ್ಲಿ ನಿಂತು ಹಕ್ಕಿ ನೋಡುವವರನ್ನೇ ಕಣ್ಣ ಮುಂದಿಟ್ಟುಕೊಂಡು ಮಾತನಾಡುತ್ತೇನೆ.

ದುರ್ಬೀನು ಎಂಬ ಮಾತು ಪಾರಸಿಯಿಂದ ಬಂದದ್ದು. ‘ದೂರ್’ ಎಂದರೆ ದೂರ, ‘ಬೀನ್’ ಎಂದರೆ ನೋಡುವಂಥದು. ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ನಮ್ಮ ರಾಯಚೂರು ಸೀಮೆಯ ಕಿವಿಗೆ ಈ ಮಾತು ಹೊಸದಲ್ಲ. ಇಂದಿನ ಹುಡುಗರು ಬೈನಾಕ್ಯುಲರ್ ಎನ್ನುತ್ತಾರೆ. ಎರಡು ಕಣ್ಣಿನದು ಎಂದು ಅದರ ಅರ್ಥ. ಒಂದು ಹೆಸರು ದೂರವನ್ನು ಹೇಳುತ್ತದೆ, ಇನ್ನೊಂದು ಕಣ್ಣನ್ನು ಹೇಳುತ್ತದೆ. ಕೊಳ್ಳುವವರು ದೂರದ ಮೋಹಕ್ಕೆ ಒಳಗಾಗಿ ಕಣ್ಣನ್ನು ಮರೆಯುತ್ತಾರೆ. ಎಡವುವುದು ಅಲ್ಲಿಯೇ.

ಆಯ್ಕೆಯ ಮಾತಿಗೆ ಮುನ್ನ, ಈ ಯಂತ್ರವು ಹಕ್ಕಿ ನೋಡುವವನ ಕೈಗೆ ಬಂದದ್ದು ಹೇಗೆ ಎಂಬುದನ್ನು ಸ್ವಲ್ಪ ನೆನೆಯೋಣ. ಹತ್ತೊಂಬತ್ತನೆಯ ಶತಮಾನದ ಪಕ್ಷಿಶಾಸ್ತ್ರಜ್ಞನ ಕೈಯಲ್ಲಿ ಇರುತ್ತಿದ್ದುದು ಬಂದೂಕು. ಹಾರುವ ಹಕ್ಕಿಯನ್ನು ಗುರುತಿಸಲು ಸಾಧ್ಯವಿಲ್ಲ, ಹೊಡೆದು ಕೆಡವಿ ಅಂಗೈಯಲ್ಲಿಟ್ಟು ನೋಡಿದರೆ ಮಾತ್ರ ಅದರ ಜಾತಿ ನಿಶ್ಚಯವಾಗುತ್ತದೆ ಎಂಬುದು ಆಗಿನ ನಂಬಿಕೆ. ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬನಾದ ಎ. ಓ. ಹ್ಯೂಮ್ ದೊಡ್ಡ ಪಕ್ಷಿಶಾಸ್ತ್ರಜ್ಞನೂ ಆಗಿದ್ದ. ಆತ ೧೮೮೫ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿದ ಸಂಗ್ರಹದಲ್ಲಿ ಹಕ್ಕಿಗಳ ಚರ್ಮ ಮತ್ತು ಮೊಟ್ಟೆಗಳು ಸೇರಿ ಎಂಬತ್ತು ಸಾವಿರದಷ್ಟು ಮಾದರಿಗಳಿದ್ದವು. ನಮ್ಮ ಸಲೀಂ ಅಲಿಯವರ ಪಕ್ಷಿಜೀವನ ಆರಂಭವಾದದ್ದೂ ಬಾಲ್ಯದಲ್ಲಿ ಆಟದ ಬಂದೂಕಿನಿಂದ ತಾವೇ ಹೊಡೆದ ಒಂದು ಗುಬ್ಬಿಯಿಂದ. ಅದರ ಕೊರಳಿನಲ್ಲಿ ಹಳದಿ ಮಚ್ಚೆ ಇದ್ದುದನ್ನು ಕಂಡ ಕುತೂಹಲವೇ ಅವರನ್ನು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಕರೆದೊಯ್ದಿತು. ೧೯೩೦ರ ದಶಕದ ಆರಂಭದಲ್ಲಿ ಅವರು ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು; ಆಗ ರಾಯಚೂರು ಜಿಲ್ಲೆಯೂ ಆ ಸಂಸ್ಥಾನದ ಭಾಗವೇ ಆಗಿತ್ತು. ಆ ಕಾಲದ ಸಮೀಕ್ಷೆಗಳಲ್ಲಿ ಮಾದರಿಗಾಗಿ ಹಕ್ಕಿಯನ್ನು ಹೊಡೆಯುವುದು ರೂಢಿಯೇ ಆಗಿತ್ತು.

ಇಷ್ಟರಲ್ಲಿ ಬೇರೊಂದು ದಾರಿಯೂ ತೆರೆದಿತ್ತು. ಜರ್ಮನಿಯ ಜೈಸ್ ಕಾರ್ಖಾನೆಯಲ್ಲಿ ಅರ್ನ್ಸ್ಟ್ ಆಬೆ ಎಂಬ ವಿಜ್ಞಾನಿಯ ಶ್ರಮದಿಂದ ೧೮೯೪ರಲ್ಲಿ ಒಳ್ಳೆಯ ಪ್ರಿಸಮ್ ದುರ್ಬೀನುಗಳು ಮಾರುಕಟ್ಟೆಗೆ ಬಂದವು. ೧೯೦೧ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಸೆಲಸ್ ಹಕ್ಕಿಗಳ ವೀಕ್ಷಣೆಯನ್ನು ಕುರಿತ ತನ್ನ ಪುಸ್ತಕದಲ್ಲಿ ಬಂದೂಕನ್ನು ಕೆಳಗಿಟ್ಟು ದುರ್ಬೀನನ್ನು ಕೈಗೆತ್ತಿಕೊಳ್ಳಿ ಎಂಬ ವಾದವನ್ನು ಮುಂದಿಟ್ಟ. ಹಕ್ಕಿಯನ್ನು ಕೊಲ್ಲದೆ, ಹಿಡಿಯದೆ, ಬೆದರಿಸದೆ ಹತ್ತಿರಕ್ಕೆ ತರುವ ಉಪಾಯ ಇದು. ಸಲೀಂ ಅಲಿಯವರ ಭಾರತೀಯ ಪಕ್ಷಿಗಳ ಪುಸ್ತಕ ೧೯೪೧ರಲ್ಲಿ ಹೊರಬಂದಾಗ, ಚಿತ್ರವನ್ನು ನೋಡಿ ಬಯಲಿನಲ್ಲಿಯೇ ಹಕ್ಕಿಯನ್ನು ಗುರುತಿಸುವ ಭಾಗ್ಯ ನಮ್ಮ ದೇಶದ ಸಾಮಾನ್ಯ ಓದುಗನಿಗೂ ದೊರೆಯಿತು.

ಹಿಡಿಯದೆ ಹತ್ತಿರಕ್ಕೆ ತರುವುದು ಎಂದೆನಷ್ಟೆ. ನಮ್ಮ ಕಡೆ ದಸರೆಯಂದು ನೀಲಕಂಠ ಪಕ್ಷಿಯನ್ನು ನೋಡಿದರೆ ಶುಭವೆಂಬ ನಂಬಿಕೆಯಿದೆ. ದಾಸಮಗರೆ ಎಂಬ ಹೆಸರೂ ಅದಕ್ಕುಂಟು. ಕರ್ನಾಟಕದ ರಾಜ್ಯಪಕ್ಷಿ ಅದೇ, ನೆರೆಯ ತೆಲಂಗಾಣದ ರಾಜ್ಯಪಕ್ಷಿಯೂ ಅದೇ. ಈ ಶುಭದರ್ಶನಕ್ಕಾಗಿ ಹಕ್ಕಿಯನ್ನು ಹಿಡಿದು, ಕಾಲು ಕಟ್ಟಿ, ಪಂಜರದಲ್ಲಿಟ್ಟು ಮನೆಮನೆಗೆ ತೋರಿಸಿ ಕಾಸು ಕೇಳುವವರೂ ಇದ್ದಾರೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ. ಕಾಯಿದೆಯ ಮಾತು ಹಾಗಿರಲಿ. ಪಂಜರದೊಳಗಿನ ನೀಲಕಂಠದಲ್ಲಿ ಇರುವುದು ಮಾಸಲು ಕಂದು ಬಣ್ಣದ ಒಂದು ಮುದ್ದೆ. ತಂತಿಯ ಮೇಲೆ ಸುಮ್ಮನೆ ಕುಳಿತಾಗಲೂ ಅದು ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಅದು ಹಾರಿ ರೆಕ್ಕೆ ಬಿಚ್ಚಿದ ಆ ಕ್ಷಣದಲ್ಲಿ ಎರಡು ಬಗೆಯ ನೀಲಿ ಪಟ್ಟೆಗಳು ಬಯಲಿನ ಬಿಸಿಲಿನಲ್ಲಿ ಹೊಳೆದು ಮಾಯವಾಗುತ್ತವೆ. ಶುಭದರ್ಶನ ಎಂಬುದೇನಾದರೂ ಇದ್ದರೆ ಅದು ಇರುವುದು ಆ ಹಾರಾಟದಲ್ಲಿ. ಅದನ್ನು ಕಾಣಿಸಬಲ್ಲ ಸಾಧನವೇ ಒಳ್ಳೆಯ ದುರ್ಬೀನು. ಇದೇ ನಮ್ಮ ಒರೆಗಲ್ಲಾಗಿರಲಿ: ಹಾರುವ ನೀಲಕಂಠವನ್ನು ಹಿಂಬಾಲಿಸಲು ಈ ದುರ್ಬೀನಿನಿಂದ ಸಾಧ್ಯವೆ?

ಪ್ರತಿಯೊಂದು ದುರ್ಬೀನಿನ ಮೈಮೇಲೆಯೂ ಎರಡು ಅಂಕಿಗಳನ್ನು ಕೊರೆದಿರುತ್ತಾರೆ: ೮×೪೦, ೧೦×೫೦, ೭×೫೦, ೮×೨೫, ಹೀಗೆ. ಮೊದಲನೆಯದು ವರ್ಧನಶಕ್ತಿ, ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬ ಲೆಕ್ಕ. ಎರಡನೆಯದು ಮುಂದಿನ ದೊಡ್ಡ ಗಾಜಿನ ಅಡ್ಡಗಲ, ಮಿಲಿಮೀಟರುಗಳಲ್ಲಿ. ಈ ಎರಡು ಅಂಕಿಗಳ ಅರ್ಥವನ್ನು ತಿಳಿದುಕೊಂಡವರಿಗೆ ಅರ್ಧ ಆಯ್ಕೆ ಮುಗಿದಂತೆಯೇ.

ಮೊದಲನೆಯ ಅಂಕಿಯನ್ನು ನೋಡೋಣ. ಹೆಚ್ಚು ಪಟ್ಟು ದೊಡ್ಡದಾಗಿ ಕಂಡರೆ ಹೆಚ್ಚು ಚೆನ್ನ ಎಂಬುದು ಎಲ್ಲರ ಮೊದಲ ಊಹೆ. ಲೆಕ್ಕ ಮಾಡಿ ನೋಡಿದರೆ ಈ ಊಹೆಯ ಟೊಳ್ಳು ತಿಳಿಯುತ್ತದೆ. ಎಂಬತ್ತು ಮೀಟರ್ ದೂರದ ಜಾಲಿಯ ಮರದಲ್ಲಿ ಒಂದು ಹಕ್ಕಿ ಕುಳಿತಿದೆ ಎನ್ನೋಣ. ೮ ಪಟ್ಟಿನ ದುರ್ಬೀನಿನಲ್ಲಿ ಅದು ಹತ್ತು ಮೀಟರ್ ದೂರದಲ್ಲಿ ಕುಳಿತಂತೆ ಕಾಣುತ್ತದೆ. ೧೦ ಪಟ್ಟಿನದರಲ್ಲಿ ಎಂಟು ಮೀಟರ್ ದೂರದಲ್ಲಿದ್ದಂತೆ. ನಾವು ಗಳಿಸಿದ್ದು ಎರಡೇ ಮೀಟರು. ಇದಕ್ಕಾಗಿ ತೆತ್ತ ಬೆಲೆಯೋ ಬಹಳ ದೊಡ್ಡದು. ದುರ್ಬೀನು ಹಕ್ಕಿಯನ್ನು ಮಾತ್ರ ದೊಡ್ಡದು ಮಾಡುವುದಿಲ್ಲ, ನಮ್ಮ ಕೈಯ ನಡುಕವನ್ನೂ ಅಷ್ಟೇ ಪಟ್ಟು ದೊಡ್ಡದು ಮಾಡುತ್ತದೆ. ಏಳೆಂಟು ಪಟ್ಟಿನವರೆಗೆ ಸಾಮಾನ್ಯರ ಕೈ ತಡೆದೀತು. ಅಭ್ಯಾಸವಿದ್ದವರು ಹತ್ತನ್ನೂ ಹಿಡಿಯಬಲ್ಲರು. ಹನ್ನೆರಡು, ಹದಿನಾರು, ಇಪ್ಪತ್ತು ಎಂದು ಹೋದರೆ ಮುಕ್ಕಾಲಿಯ ಆಸರೆಯಿಲ್ಲದೆ ಹಕ್ಕಿಯೂ ಕೊಂಬೆಯೂ ಒಟ್ಟಿಗೆ ಕುಣಿಯತೊಡಗುತ್ತವೆ.

ಎರಡನೆಯ ನಷ್ಟ ದೃಷ್ಟಿಕ್ಷೇತ್ರದ್ದು. ಒಳ್ಳೆಯ ೮ ಪಟ್ಟಿನ ದುರ್ಬೀನಿನಲ್ಲಿ ಸಾವಿರ ಮೀಟರ್ ದೂರದಲ್ಲಿ ಸುಮಾರು ೧೩೦ ಮೀಟರ್ ಅಗಲದ ನೋಟ ಒಮ್ಮೆಗೇ ಸಿಕ್ಕುತ್ತದೆ. ೧೬ ಪಟ್ಟಿನದರಲ್ಲಿ ಅದು ೬೦-೭೦ ಮೀಟರಿಗೆ ಇಳಿಯುತ್ತದೆ. ಕಿಟಕಿ ಸಣ್ಣದಾದಷ್ಟೂ ಹಕ್ಕಿಯನ್ನು ಅದರೊಳಗೆ ತರುವುದು ಕಷ್ಟ, ತಂದ ಮೇಲೆ ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಚಳಿಗಾಲದಲ್ಲಿ ಪೂರ್ವ ಯೂರೋಪು, ಮಧ್ಯ ಏಷ್ಯಗಳಿಂದ ಬರುವ ಗುಲಾಬಿ ಕಬ್ಬಕ್ಕಿಗಳ ಹಿಂಡು ಜೋಳದ ಹೊಲದ ಮೇಲೆ ಮೋಡದಂತೆ ಎದ್ದು, ತಿರುಗಿ, ಇಳಿಯುವುದನ್ನು ಕಿರಿದಾದ ಕಿಟಕಿಯಿಂದ ನೋಡಹೊರಟವನಿಗೆ ಕಾಣುವುದು ಬರಿಯ ಆಕಾಶ.

ಮೂರನೆಯ ನಷ್ಟ ನಮ್ಮ ಸೀಮೆಗೇ ವಿಶೇಷವಾದದ್ದು. ಹಟ್ಟಿಯ ಸುತ್ತಲಿನದು ಕಲ್ಲುಗುಡ್ಡ, ಮಸಾರಿ ನೆಲ, ಅಲ್ಲಲ್ಲಿ ಎರೆ ಹೊಲ. ಬೇಸಗೆಯಲ್ಲಿ ಉಷ್ಣಮಾನ ೪೦ ಡಿಗ್ರಿ ದಾಟುವುದು ಇಲ್ಲಿ ಹೊಸತಲ್ಲ. ಬೆಳಗಿನ ಒಂಬತ್ತು ಗಂಟೆ ಕಳೆಯಿತೆಂದರೆ ಕಾದ ನೆಲದಿಂದ ಏಳುವ ಗಾಳಿ ಅಲೆಯಲೆಯಾಗಿ ನಡುಗುತ್ತದೆ. ಬಿಸಿಲ್ಗುದುರೆ ಎಂಬ ಚೆಲುವಾದ ಕನ್ನಡ ಮಾತು ಇಂಥ ನೆಲದಲ್ಲಿಯೇ ಹುಟ್ಟಿರಬೇಕು. ಹೆಚ್ಚು ಶಕ್ತಿಯ ದುರ್ಬೀನು ಹಕ್ಕಿಯನ್ನಷ್ಟೇ ಅಲ್ಲ, ಈ ಕುದುರೆಯನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ದೂರದ ಬದುವಿನ ಮೇಲೆ ಕುಳಿತ ನೆಲಗುಬ್ಬಿ ಅದರಲ್ಲಿ ನೀರಿನೊಳಗಿನ ಬೆಣಚುಕಲ್ಲಿನಂತೆ ಕದಡಿ ಕಾಣುತ್ತದೆ. ಎಂಥ ಬೆಲೆಬಾಳುವ ಗಾಜಿಗೂ ಕಾದ ಗಾಳಿಯನ್ನು ತಣಿಸುವ ಶಕ್ತಿಯಿಲ್ಲ. ಆದ್ದರಿಂದ ಮೊದಲಿಗರಿಗೆ ನನ್ನ ಸಲಹೆ: ಎಂಟು ಪಟ್ಟು ಸಾಕು, ಏಳಾದರೂ ಕೊರತೆಯಿಲ್ಲ, ಹತ್ತನ್ನು ದಾಟಬೇಡಿ.

ಇನ್ನು ಎರಡನೆಯ ಅಂಕಿ. ಇದು ಬೆಳಕಿನ ಲೆಕ್ಕ. ಮುಂಗಾಜಿನ ಅಡ್ಡಗಲವನ್ನು ವರ್ಧನಶಕ್ತಿಯಿಂದ ಭಾಗಿಸಿದರೆ ಕಣ್ಣಿಗೆ ಬಂದು ತಲಪುವ ಬೆಳಕಿನ ಕಂಬದ ದಪ್ಪ ತಿಳಿಯುತ್ತದೆ. ೮×೪೦ರಲ್ಲಿ ಅದು ೫ ಮಿಲಿಮೀಟರ್. ೭×೫೦ರಲ್ಲಿ ೭ಕ್ಕಿಂತ ತುಸು ಹೆಚ್ಚು. ಜೇಬಿನಲ್ಲಿ ಹಿಡಿಸುವ ೧೦×೨೫ರಲ್ಲಿ ಎರಡೂವರೆ ಮಾತ್ರ. ನಮ್ಮ ಕಣ್ಣಿನ ಪಾಪೆ ಪ್ರಖರವಾದ ಬಿಸಿಲಿನಲ್ಲಿ ಎರಡು ಮೂರು ಮಿಲಿಮೀಟರಿಗೆ ಕಿರಿದಾಗುತ್ತದೆ; ಕತ್ತಲಲ್ಲಿ ತರುಣರ ಪಾಪೆ ಏಳರವರೆಗೂ ಹಿಗ್ಗೀತು; ವಯಸ್ಸಾದಂತೆ ಈ ಹಿಗ್ಗು ಕಡಿಮೆಯಾಗುತ್ತದೆ. ಹಾಗಾದರೆ ನಮ್ಮ ಬಿಸಿಲುಸೀಮೆಯಲ್ಲಿ ಸಣ್ಣ ಗಾಜೇ ಸಾಲದೆ ಎಂದು ನೀವು ಕೇಳಬಹುದು. ನಡುಹಗಲಿಗೆ ಸಾಕು, ನಿಜ. ಆದರೆ ನಡುಹಗಲಿನಲ್ಲಿ ಹಕ್ಕಿಯೂ ನೆರಳಿನಲ್ಲಿರುತ್ತದೆ, ಬುದ್ಧಿಯುಳ್ಳ ಮನುಷ್ಯನೂ ನೆರಳಿನಲ್ಲಿರುತ್ತಾನೆ. ಹಕ್ಕಿಗಳ ವ್ಯವಹಾರವೆಲ್ಲ ನಡೆಯುವುದು ಬೆಳಗಿನ ಮೊದಲೆರಡು ಗಂಟೆಗಳಲ್ಲಿ ಮತ್ತು ಸಂಜೆಯ ಕಡೆಯ ಒಂದು ಗಂಟೆಯಲ್ಲಿ. ಆ ಮಬ್ಬಿನಲ್ಲಿ ಪುಟ್ಟ ಗಾಜು ಸೋಲುತ್ತದೆ. ಅತ್ತ ಐವತ್ತರ ಗಾಜು ಬೆಳಕನ್ನೇನೋ ಧಾರಾಳವಾಗಿ ಕೊಡುತ್ತದೆ, ಜೊತೆಗೆ ಕೊರಳಿಗೆ ಭಾರವನ್ನೂ ಕೊಡುತ್ತದೆ. ಎರಡಕ್ಕೂ ನಡುವಣ ದಾರಿ ನಲವತ್ತು, ನಲವತ್ತೆರಡು. ೮×೪೦ ಅಥವಾ ೮×೪೨ ಎಂಬ ಜೋಡಿ ಲೋಕದ ಹಕ್ಕಿಪ್ರಿಯರಲ್ಲಿ ಇಷ್ಟು ಪ್ರಚಾರ ಪಡೆದಿರುವುದು ಈ ಕಾರಣಕ್ಕೇ. ಪುಟ್ಟ ಕೈಗಳ ಮಕ್ಕಳಿಗಾದರೆ ೮×೩೦ ಅಥವಾ ೮×೩೨ ಹಗುರವಾಗಿ ಒಗ್ಗುತ್ತದೆ.

ಆಕಾರದಲ್ಲಿ ದುರ್ಬೀನುಗಳು ಎರಡು ಬಗೆ. ಮುಂಗಾಜುಗಳು ಅಗಲವಾಗಿ, ಕಣ್ಣುಗಾಜುಗಳು ಹತ್ತಿರವಾಗಿ, ನಡುವೆ ಮೆಟ್ಟಿಲಿನಂತೆ ತಿರುವುಳ್ಳದ್ದು ಒಂದು. ೧೮೫೪ರಲ್ಲಿ ಇದರ ಪ್ರಿಸಮ್ ಏರ್ಪಾಡಿಗೆ ಹಕ್ಕುಪತ್ರ ಪಡೆದ ಇಟಲಿಯ ಇಗ್ನಾಜಿಯೊ ಪೊರೋ ಎಂಬವನ ಹೆಸರಿನಿಂದ ಇದನ್ನು ಪೊರೋ ಬಗೆ ಎನ್ನುತ್ತಾರೆ. ನೇರವಾದ ಎರಡು ಕೊಳವೆಗಳಂತೆ ಇರುವುದು ಇನ್ನೊಂದು. ಇದಕ್ಕೆ ರೂಫ್ ಬಗೆ ಎಂದು ಹೆಸರು. ನೇರ ಕೊಳವೆಯದು ನೋಡಲು ಅಂದ, ಹಿಡಿಯಲು ಸುಲಭ. ಧೂಳು, ತೇವ ಒಳಹೋಗದಂತೆ ಮುಚ್ಚುವುದೂ ಸುಲಭ. ಆದರೆ ಅದರ ಪ್ರಿಸಮ್ಮನ್ನು ಬಹು ಸೂಕ್ಷ್ಮವಾಗಿ ಕಡೆಯಬೇಕಾಗುವುದರಿಂದ ಒಳ್ಳೆಯದರ ಬೆಲೆ ಹೆಚ್ಚು, ಅಗ್ಗದ್ದರ ನೋಟ ಮಂಕು. ಕೈಯಲ್ಲಿ ಹಣ ಕಡಿಮೆ ಇದ್ದವರು ಪೊರೋ ಬಗೆಯನ್ನೇ ಆರಿಸುವುದು ಲೇಸು. ಅದೇ ಬೆಲೆಗೆ ಹೆಚ್ಚು ತಿಳಿಯಾದ ನೋಟ ಅದರಲ್ಲಿ ಸಿಕ್ಕುತ್ತದೆ.

ಈಗ ನಮ್ಮ ನೆಲಕ್ಕೆ ಬರೋಣ. ಹಟ್ಟಿಯಲ್ಲಿ ವಾಸಿಸುವವನಿಗೆ ಒಂದು ದಿನದ ಪ್ರಯಾಣದೊಳಗೆ ಮೂರು ಬಗೆಯ ಪಕ್ಷಿಲೋಕಗಳಿವೆ. ಒಂದು, ಊರ ಸುತ್ತಲಿನ ಒಣಬಯಲು: ನೆಲಗುಬ್ಬಿ, ಗೌಜಲಹಕ್ಕಿ, ಟಿಟ್ಟಿಭ, ಕಳ್ಳಿಪೀರ, ಚಂದ್ರಮುಕುಟ, ನೀಲಕಂಠಗಳ ನಾಡು. ಇಲ್ಲಿನ ಹಕ್ಕಿಗಳ ಮೈಬಣ್ಣ ಮಣ್ಣಿನದೇ ಬಣ್ಣ. ನಿಚ್ಚಳವಾದ, ಅಲುಗದ ನೋಟ ಬೇಕು. ಎರಡು, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರಿನ ಭತ್ತದ ಗದ್ದೆಗಳು: ಬೆಳ್ಳಕ್ಕಿ, ಕೊಳದ ಬಕ, ಮೆಟ್ಟುಗಾಲು ಹಕ್ಕಿ, ಗದ್ದೆಗೊರವಗಳ ನಾಡು. ಇಲ್ಲಿ ಹಕ್ಕಿಗಳು ದೂರದಲ್ಲಿ ಬಯಲಾಗಿ ನಿಲ್ಲುತ್ತವೆ. ಅಗಲವಾದ ನೋಟ ಬೇಕು. ಮೂರು, ಗಣಿಯ ವಸತಿಗಳ ಬೇವು, ಹುಣಿಸೆ, ಮನೆಯಂಗಳದ ದಾಸವಾಳ: ಸೂರಕ್ಕಿ, ಟುವ್ವಿ, ಪಿಕಳಾರಗಳ ನಾಡು. ಇಲ್ಲಿ ಹಕ್ಕಿ ಮೂರು ನಾಲ್ಕು ಮೀಟರಿನಷ್ಟು ಸಮೀಪದಲ್ಲಿರುತ್ತದೆ. ಕೆಲವು ದುರ್ಬೀನುಗಳು ಆರೇಳು ಮೀಟರಿಗಿಂತ ಹತ್ತಿರದ್ದನ್ನು ಸ್ಫುಟವಾಗಿ ತೋರಿಸುವುದೇ ಇಲ್ಲ. ಕೊಳ್ಳುವಾಗ ಅಂಗಡಿಯೊಳಗೇ ಎದುರು ಗೋಡೆಯ ಕ್ಯಾಲೆಂಡರಿನ ಮೇಲೆ ಇದನ್ನು ಪರೀಕ್ಷಿಸಿ ನೋಡಬೇಕು. ಈ ಮೂರು ಲೋಕಗಳಿಗೂ ಒಂದೇ ಸಾಧನ ಒದಗಬೇಕಾದರೆ ಮೇಲೆ ಹೇಳಿದ ಎಂಟು ನಲವತ್ತೇ ಸರಿಯೆಂದು ಮತ್ತೆ ತೋರುತ್ತದೆ.

ಕಂಪನಿಗಳ ಹೆಸರು ಹೇಳುವುದು ಆಕಾಶವಾಣಿಯ ಪದ್ಧತಿಯಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ಪರೀಕ್ಷೆಯ ಕ್ರಮ ತಿಳಿದಿದ್ದರೆ ಹೆಸರಿನ ಹಂಗಿಲ್ಲ. ದುರ್ಬೀನನ್ನು ತೋಳು ನೀಡುವಷ್ಟು ದೂರ ಹಿಡಿದು ಬೆಳಕಿನ ಕಡೆಗೆ ತಿರುಗಿಸಿ, ಕಣ್ಣುಗಾಜನ್ನು ನೋಡಿ. ಎರಡು ಬಿಳಿಯ ಚುಕ್ಕೆಗಳು ಕಾಣುತ್ತವೆ. ಅವು ಪೂರ್ತಿ ದುಂಡಗಿದ್ದರೆ ಒಳಗಿನ ಗಾಜು ಒಳ್ಳೆಯದು. ಅಂಚು ಕತ್ತರಿಸಿದಂತೆ ಚೌಕವಾಗಿ ಮಸುಕಾಗಿದ್ದರೆ ಕೆಳದರ್ಜೆಯದು. ಬಳಿಕ ದೂರದ ವಿದ್ಯುತ್ ಕಂಬವನ್ನು ನೋಡಿ. ಎರಡಾಗಿ ಕಂಡರೆ, ಅಥವಾ ಎರಡು ನಿಮಿಷದಲ್ಲಿ ಹಣೆ ಹಿಂಡಿದಂತಾದರೆ, ಎರಡು ಕೊಳವೆಗಳೂ ಒಂದೇ ದಿಕ್ಕಿಗಿಲ್ಲ ಎಂದು ಅರ್ಥ, ಹಿಂದಿರುಗಿಸಿಬಿಡಿ. ಮುಂಗಾಜು ಮಾಣಿಕ್ಯದಂತೆ ಕೆಂಪಗೆ ಹೊಳೆಯುವ, ಪಟ್ಟುಗಳನ್ನು ಏರಿಸಿ ಇಳಿಸುವ ಜೂಮ್ ಗುಂಡಿಯಿರುವ, ಹೊಂದಿಸುವ ಚಕ್ರವೇ ಇಲ್ಲದ ದುರ್ಬೀನುಗಳಿಂದ ದೂರವಿರಿ. ಹಳೆಯದನ್ನು ಕೊಳ್ಳುವವರು ಮುಂಗಾಜಿನ ಕಡೆಯಿಂದ ಒಳಕ್ಕೆ ಬೆಳಕು ಬಿಟ್ಟು ನೋಡಬೇಕು. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಬಿಡಿಸುವುದು ದುಸ್ಸಾಧ್ಯ.

ಕನ್ನಡಕ ಧರಿಸುವವರಿಗೊಂದು ವಿಶೇಷ ಸೂಚನೆ. ಕಣ್ಣುಗಾಜಿನಿಂದ ಕಣ್ಣು ಎಷ್ಟು ಹಿಂದಿದ್ದರೂ ಪೂರ್ತಿ ನೋಟ ಸಿಕ್ಕುತ್ತದೆ ಎಂಬ ಅಳತೆಯೊಂದು ವಿವರಪತ್ರದಲ್ಲಿರುತ್ತದೆ. ಅದು ೧೫ ಮಿಲಿಮೀಟರಿಗೆ ಕಡಿಮೆಯಿರಬಾರದು. ಕಣ್ಣುಗಾಜಿನ ರಬ್ಬರ್ ಅಂಚನ್ನು ಮಡಿಸಿ, ಕನ್ನಡಕ ತೆಗೆಯದೆಯೇ ನೋಡುವುದು ರೂಢಿಯಾಗಬೇಕು. ಪ್ರತಿಸಲ ಕನ್ನಡಕ ಕಳಚಿಡುವವನಿಗಾಗಿ ಯಾವ ಹಕ್ಕಿಯೂ ಕಾದಿರುವುದಿಲ್ಲ.

ಕೊಂಡ ಮೇಲೆ ಅದನ್ನು ನಮ್ಮ ಕಣ್ಣಿಗೆ ಒಗ್ಗಿಸಿಕೊಳ್ಳುವ ಕೆಲಸವಿದೆ. ಎಷ್ಟೋ ಜನ ಇದನ್ನು ಮಾಡುವುದೇ ಇಲ್ಲ. ಮೊದಲು ಎರಡು ಕೊಳವೆಗಳನ್ನು ಬಾಗಿಸಿ, ಎರಡು ವೃತ್ತಗಳು ಒಂದಾಗುವಂತೆ ಕಣ್ಣುಗಳ ಅಂತರಕ್ಕೆ ಹೊಂದಿಸಬೇಕು. ಆಮೇಲೆ ಬಲಗಡೆಯ ಮುಂಗಾಜನ್ನು ಕೈಯಿಂದ ಮುಚ್ಚಿ, ಎಡಗಣ್ಣಿಗೆ ದೂರದ ಫಲಕದ ಅಕ್ಷರ ಸ್ಫುಟವಾಗುವವರೆಗೆ ನಡುವಿನ ಚಕ್ರವನ್ನು ತಿರುಗಿಸಬೇಕು. ಬಳಿಕ ಎಡಗಡೆಯನ್ನು ಮುಚ್ಚಿ, ನಡುಚಕ್ರವನ್ನು ಮುಟ್ಟದೆ, ಬಲಗಣ್ಣಿನ ಬಳಿಯ ಉಂಗುರವನ್ನು ಮಾತ್ರ ತಿರುಗಿಸಿ ಅದೇ ಅಕ್ಷರವನ್ನು ತಿಳಿಯಾಗಿಸಬೇಕು. ಇದು ಒಮ್ಮೆ ಮಾಡಿದರಾಯಿತು. ಉಂಗುರದ ಗುರುತನ್ನು ನೆನಪಿಟ್ಟುಕೊಂಡರೆ ಮುಂದೆ ಎಂದಿಗೂ ನಡುಚಕ್ರವೊಂದೇ ಸಾಕು.

ನೋಡುವುದಕ್ಕೂ ಒಂದು ಕ್ರಮವಿದೆ. ಹಕ್ಕಿಯನ್ನು ದುರ್ಬೀನಿನಿಂದ ಹುಡುಕಬಾರದು, ಕಣ್ಣಿನಿಂದ ಹುಡುಕಬೇಕು. ಕಂಡ ಹಕ್ಕಿಯಿಂದ ದೃಷ್ಟಿ ಕದಲಿಸದೆ ದುರ್ಬೀನನ್ನು ಕಣ್ಣಿನವರೆಗೆ ಎತ್ತಿಕೊಂಡು ಬರಬೇಕು. ಮೊದಲ ವಾರ ಗಣಿಯ ಶಾಫ್ಟಿನ ಮೇಲೆ ತಿರುಗುವ ಗಾಲಿಯ ಮೇಲೂ, ಬಸ್ಸಿನ ಹಲಗೆಯ ಅಕ್ಷರಗಳ ಮೇಲೂ ಅಭ್ಯಾಸ ಮಾಡಿದರೆ ಎರಡನೆಯ ವಾರ ಹಕ್ಕಿ ತಾನಾಗಿ ಸಿಕ್ಕುತ್ತದೆ. ಒಂದು ಮಾತನ್ನು ಮಕ್ಕಳಿಗೆ ಗಟ್ಟಿಯಾಗಿ ಹೇಳಿಡಬೇಕು: ದುರ್ಬೀನನ್ನು ಸೂರ್ಯನ ಕಡೆಗೆ ಎಂದೂ ತಿರುಗಿಸಬಾರದು. ಒಂದು ಕ್ಷಣ ಸಾಕು, ಕಣ್ಣು ಹೋಗುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈ ಭಾಗದ ಹಳ್ಳಿಯೊಂದರಲ್ಲಿ ಶಿಕ್ಷಕರಾಗಿದ್ದಾರೆ. ಶಾಲೆಯ ಮಕ್ಕಳಿಗೆಂದು ಅವರು ಜಾತ್ರೆಯಲ್ಲಿ ಇಪ್ಪತ್ತು ಪಟ್ಟಿನದೆಂದು ಮಾರುತ್ತಿದ್ದ ದುರ್ಬೀನೊಂದನ್ನು ಕೊಂಡರು. ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರೂ ಇಣುಕಿದರು. ಎಲ್ಲರಿಗೂ ಕಂಡದ್ದು ನಡುಗುವ ಮಬ್ಬು. ಮೂರನೆಯ ದಿನಕ್ಕೆ ಅದು ಕಪಾಟು ಸೇರಿತು. ಅದರೊಂದಿಗೆ ಮಕ್ಕಳ ಉತ್ಸಾಹವೂ ಸೇರಿತು. ಮರುವರ್ಷ ನಾಲ್ಕು ಜನ ಶಿಕ್ಷಕರು ಕೈಗೂಡಿಸಿ ಸಾಧಾರಣ ಬೆಲೆಯ ಎಂಟು ನಲವತ್ತರದೊಂದನ್ನು ತರಿಸಿದರು. ಹಳ್ಳದ ದಂಡೆಯಲ್ಲಿ ಕೂಗುತ್ತಿದ್ದ ಟಿಟ್ಟಿಭದ ಕಣ್ಣ ಮುಂದಿನ ಕೆಂಪು ತೊಗಲನ್ನು ಮೊದಲು ಕಂಡ ಹುಡುಗಿ, ‘ಸರ್, ಅದು ಕುಂಕುಮ ಹಚ್ಚಿಕೊಂಡೈತ್ರೀ’ ಎಂದು ಕೂಗಿದಳಂತೆ. ದಿನವೂ ಕೇಳುತ್ತಿದ್ದ ಹಕ್ಕಿಯನ್ನು ಆಕೆ ಆ ದಿನ ನೋಡಿದಳು. ಕೆಟ್ಟ ದುರ್ಬೀನಿನಿಂದ ಆಗುವ ನಷ್ಟ ಹಣದ್ದು ಮಾತ್ರವಲ್ಲ. ನೋಡಬಹುದಾಗಿದ್ದ ಒಂದು ಜೋಡಿ ಕಣ್ಣು ಬೇರೆ ಕಡೆ ತಿರುಗಿಬಿಡುತ್ತದೆ. ಒಂದು ಶಾಲೆಗೆ, ಒಂದು ಓಣಿಗೆ ಒಳ್ಳೆಯದೊಂದು ಇದ್ದರೆ ಸಾಕು. ಮನೆಗೊಂದು ಕೆಟ್ಟದ್ದಕ್ಕಿಂತ ಅದು ಎಷ್ಟೋ ಮೇಲು.

ಸಾಹಿತ್ಯದ ವಿದ್ಯಾರ್ಥಿಯಾಗಿ ನಾನೊಂದು ಮಾತು ಹೇಳಬೇಕು. ನಮ್ಮ ಕಾವ್ಯಗಳಲ್ಲಿ ಹಕ್ಕಿಗಳಿಗೆ ಬರವಿಲ್ಲ. ಹಂಸ, ಚಕೋರ, ಚಾತಕ, ಚಕ್ರವಾಕಗಳಿಲ್ಲದ ವರ್ಣನೆಯೇ ಅಪರೂಪ. ಆದರೆ ನಾವು ಪಾಠ ಹೇಳುವವರೂ ಕೇಳುವವರೂ ಅವುಗಳನ್ನು ಅಲಂಕಾರಗಳೆಂದು ತಿಳಿದೆವೇ ಹೊರತು ಹಕ್ಕಿಗಳೆಂದು ತಿಳಿಯಲಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳೇ ನಮ್ಮ ಕವಿಗಳ ಹಂಸವಿರಬಹುದೆಂದು ವಿದ್ವಾಂಸರಲ್ಲಿ ಹಲವರ ಮತ. ಆ ಕೆರೆ ೨೦೨೪ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿದೆ. ಬರಿಗಣ್ಣಿಗೆ ಅವು ನೀರಿನ ಮೇಲಿನ ಬೂದುಬಣ್ಣದ ಚುಕ್ಕೆಗಳು. ಎಂಟು ಪಟ್ಟಿನ ಗಾಜಿನಲ್ಲಿ ಬಿಳಿಯ ತಲೆಯೂ ಅದರ ಮೇಲಿನ ಎರಡು ಕಪ್ಪು ಪಟ್ಟೆಗಳೂ ಮೂಡಿದಾಗ, ಹಂಸ ಮಾನಸ ಸರೋವರಕ್ಕೆ ಹೋಗುವುದೆಂಬ ಕವಿಸಮಯದ ಹಿಂದೆ ಕಂಡವರ ಕಣ್ಣಿತ್ತೆಂದು ನಂಬಿಕೆಯಾಗುತ್ತದೆ. ಟಿಬೆಟ್ಟಿನ ಸರೋವರಗಳಲ್ಲಿ ಮರಿ ಮಾಡುವ ಹಕ್ಕಿಯಲ್ಲವೆ ಅದು!

ದುರ್ಬೀನೇ ಎಲ್ಲವನ್ನೂ ತಿಳಿಸುತ್ತದೆಂದು ಹೇಳುವ ಅಭಿಪ್ರಾಯ ನನಗಿಲ್ಲ. ಹಟ್ಟಿಯಾಚೆಯ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ನನ್ನ ಕೊರಳಿನ ದುರ್ಬೀನನ್ನು ನೋಡಿ ನಕ್ಕು, ‘ಮಾಸ್ತರ್ರ, ಅದರಾಗ ನಿಮಗ ಕಾಣೋದು ನಮಗ ಬರೇ ಕಣ್ಣಾಗ ಕಾಣ್ತೈತಿ. ಆದರ ನಮ್ಮಪ್ಪ ಕಂಡಿದ್ದ ಎರೆಭೂತ ನಿಮ್ಮ ದುರ್ಬೀನ್ಯಾಗೂ ಕಾಣೂದಿಲ್ಲ’ ಎಂದರು. ಎರೆಭೂತವೆಂದರೆ ಎರೆಹೊಲಗಳ ಆ ದೊಡ್ಡ ಹಕ್ಕಿ. ಸುಮಾರು ಒಂದು ಮೀಟರ್ ಎತ್ತರದ್ದು. ಎರ್ಲಡ್ಡು ಎಂದೂ ಅದಕ್ಕೆ ಹೆಸರು. ಇಡೀ ಭಾರತದ ಬಯಲುಗಳಲ್ಲಿ ಈಗ ಅದರ ಸಂಖ್ಯೆ ೧೫೦ಕ್ಕೂ ಕಡಿಮೆಯೆಂದು ಅಂದಾಜು. ನಮ್ಮ ಸಿಂಧನೂರಿನಿಂದ ತುಂಗಭದ್ರೆಯನ್ನು ದಾಟಿದರೆ ಸಿಕ್ಕುವ ಸಿರುಗುಪ್ಪದ ಬಯಲಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಬೆರಳೆಣಿಕೆಯಷ್ಟು ಕಂಡಿವೆ. ಆ ಹಿರಿಯರ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಆದರೆ ಅವರಿಗೆ ಗೊತ್ತಿದ್ದದ್ದು ಯಾವ ಪುಸ್ತಕದಲ್ಲಿಯೂ ದಾಖಲಾಗಲಿಲ್ಲ ಎಂಬುದು ನನ್ನನ್ನು ಬಹಳ ದಿನ ಕಾಡಿತು.

ದಾಖಲೆಯ ಮಾತೇ ಇಲ್ಲಿ ಮುಖ್ಯ. ೨೦೨೩ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ೯೪೨ ಜಾತಿಗಳನ್ನು ಪರಿಶೀಲಿಸಿದೆ. ಅದಕ್ಕೆ ಆಧಾರ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹವ್ಯಾಸಿಗಳು ಬರೆದಿಟ್ಟ ಟಿಪ್ಪಣಿಗಳು. ದೀರ್ಘಕಾಲದ ಲೆಕ್ಕ ಸಿಕ್ಕಿದ ೩೩೮ ಜಾತಿಗಳಲ್ಲಿ ೨೦೪ ಜಾತಿಗಳು ಇಳಿಮುಖವಾಗಿವೆ. ಬಯಲುಸೀಮೆಯನ್ನು ನಂಬಿದ ಹಕ್ಕಿಗಳಿಗೆ ಹೆಚ್ಚಿನ ಪೆಟ್ಟು ಬಿದ್ದಿದೆ. ನಮ್ಮ ರಾಜ್ಯಪಕ್ಷಿ ನೀಲಕಂಠವೂ ಅವುಗಳಲ್ಲಿ ಒಂದು. ಬಯಲೆಂದರೆ ಪಾಳುನೆಲ ಎಂದು ತಿಳಿಯುವವರ ನಡುವೆ, ಇದು ಪಾಳಲ್ಲ, ಇಂತಿಂಥ ಜೀವಿಗಳ ಮನೆ ಎಂದು ಹೇಳಬೇಕಾದರೆ ಸಾಕ್ಷಿ ಬೇಕು. ಸಾಕ್ಷಿ ಹೇಳಬೇಕಾದವನು ಕಣ್ಣಾರೆ ಕಂಡಿರಬೇಕು. ಹಟ್ಟಿಯ ಹುಡುಗನೊಬ್ಬ ದುರ್ಬೀನಿನ ಜೊತೆಗೆ ನಾಲ್ಕು ರೂಲು ಗೆರೆಯ ಪುಸ್ತಕವೊಂದನ್ನು ಹಿಡಿದು, ದಿನ, ಹೊತ್ತು, ಸ್ಥಳ, ಹಕ್ಕಿಯ ಹೆಸರು, ಎಷ್ಟಿದ್ದವು ಎಂದು ಬರೆಯತೊಡಗಿದರೆ, ಜೊತೆಗೆ ಕುರಿಗಾಹಿಯ ಬಾಯಿಯಿಂದ ಊರಿನ ಹೆಸರನ್ನೂ ಕೇಳಿ ಬರೆದುಕೊಂಡರೆ, ಮುಂದಿನ ವರದಿಗೆ ಈ ನೆಲದ ಸಾಕ್ಷಿ ಸಿದ್ಧವಾದಂತೆ.

ನಮ್ಮ ನೆರೆಯ ಮಸ್ಕಿಯ ಬಂಡೆಯ ಕಥೆ ನಿಮಗೆ ತಿಳಿದದ್ದೇ. ೧೯೧೫ರಲ್ಲಿ ಚಿನ್ನವನ್ನು ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಇಂಜಿನಿಯರ್ ಆ ಬಂಡೆಯ ಮೇಲಿನ ಅಕ್ಷರಗಳನ್ನು ಗಮನಿಸಿದ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದಕ್ಕೆ ಹೆಸರಿನ ಸಮೇತ ಸಾಕ್ಷಿ ಅಲ್ಲಿ ದೊರೆಯಿತು. ಆ ಬಂಡೆಯ ಪಕ್ಕದಲ್ಲಿ ಶತಮಾನಗಳ ಕಾಲ ಜನ ನಡೆದಾಡಿದ್ದರು. ಅದೇ ಅಶೋಕ ಉತ್ತರದ ತನ್ನ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿಯೊಂದನ್ನು ಕೊರೆಸಿದ್ದಾನೆ. ಗಿಳಿ, ಸಾರಿಕೆ, ಚಕ್ರವಾಕ, ಹಂಸಗಳು ಅದರ ಮೊದಲ ಸಾಲಿನವು. ಹೆಸರು ಹಿಡಿದು ಕಾಪಾಡಬೇಕಾದರೆ ಹೆಸರು ಗೊತ್ತಿರಬೇಕು. ಹೆಸರು ಗೊತ್ತಾಗಬೇಕಾದರೆ ನಿಂತು ನೋಡಬೇಕು.

ಹಟ್ಟಿಯ ಗಣಿಯಲ್ಲಿ ಒಂದು ಟನ್ ಕಲ್ಲನ್ನು ಪುಡಿ ಮಾಡಿದರೆ ದೊರೆಯುವುದು ಕೆಲವೇ ಗ್ರಾಂ ಬಂಗಾರ. ಹಕ್ಕಿ ನೋಡುವವನ ಬೆಳಗುಗಳೂ ಹೆಚ್ಚುಕಡಿಮೆ ಹಾಗೆಯೇ. ಬಹಳ ಹೊತ್ತು ಕಲ್ಲು, ಒಂದು ಕ್ಷಣ ಬಂಗಾರ. ಆ ಕ್ಷಣದಲ್ಲಿ ಕೈ ನಡುಗದಂತೆ, ನೋಟ ಕದಡದಂತೆ, ಹಕ್ಕಿ ಕಿಟಕಿಯಿಂದಾಚೆ ಹಾರಿಹೋಗದಂತೆ ನೋಡಿಕೊಳ್ಳುವುದಷ್ಟೇ ದುರ್ಬೀನಿನ ಕೆಲಸ. ಅದಕ್ಕೆ ಎಂಟು ಪಟ್ಟು ಸಾಕು. ಉಳಿದದ್ದು ನೋಡುವವನ ತಾಳ್ಮೆ.